ಕೂದಲು ನೆಡುವ ಮುಂಚಿನ ಒಂದು ವಾರ

ನಮ್ಮ ಬೀದಿಯ ಹುಡುಗಿಯೊಬ್ಬಳು ನರ್ಸಿಂಗ್ ಮುಗಿಸಿ, ವೈಟ್‌ಫೀಲ್ಡಿನ ಕೂದಲು ಕಸಿ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತೆಂದು ಹೇಳಲು ಬಂದಿದ್ದಳು. "ಆರಾಮಾಗಿರೋ ಕೆಲ್ಸ ಆಂಟಿ. ಎಮರ್ಜೆನ್ಸಿ ಇಲ್ಲ, ನೈಟ್ ಡ್ಯೂಟಿ ಇಲ್ಲ, ಯಾರೂ ಸಾಯಲ್ಲ," ಅಂದಳು. ನನಗೆ ಮೈ ಉರಿದುಹೋಯಿತು. ಕೂರಿಸಿಕೊಂಡು ಹೇಳತೊಡಗಿದೆ. ಅವಳು ಕಾಫಿ ಕುಡಿಯುವವರೆಗೆ ಕೇಳಿದಳು, ಆಮೇಲೆ ಮೊಬೈಲ್ ನೋಡಿಕೊಂಡು ಹೊರಟಳು. ಅವಳಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳು ಓದದಿದ್ದರೆ ಅವಳಂಥ ಇನ್ನೊಬ್ಬಳು ಓದಲಿ.

ನಾನು ಗಿರಿಜಮ್ಮ, ಚಿತ್ರದುರ್ಗದ ಕಡೆಯವಳು. ಇಪ್ಪತ್ತು ವರ್ಷಕ್ಕೂ ಮೇಲೆ ಪೀಣ್ಯದ ಒಂದು ನರ್ಸಿಂಗ್ ಹೋಮಿನ ಆಪರೇಷನ್ ಥಿಯೇಟರಿನಲ್ಲಿದ್ದೆ. ಅದು ಮುಚ್ಚಿದ ಮೇಲೆ ಕೊನೆಯ ಒಂಬತ್ತು ವರ್ಷ ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಕೂದಲು ಕಸಿ ಮಾಡುವ ಕ್ಲಿನಿಕ್ಕಿನಲ್ಲಿ ದುಡಿದೆ. ಪೀಣ್ಯದಲ್ಲಿ ಪ್ರೆಸ್ ಮೆಷೀನಿಗೆ ಬೆರಳು ಕೊಟ್ಟವರು ಬರುತ್ತಿದ್ದರು. ಎಣ್ಣೆ ಒರೆಸುವ ಬಟ್ಟೆಯಲ್ಲೇ ಕೈ ಸುತ್ತಿಕೊಂಡು, ಮುಖ ಬಿಳಿಚಿಕೊಂಡು. ಅವರನ್ನು ಏನು ಕೇಳಿದರೂ ನಿಜ ಹೇಳುತ್ತಿದ್ದರು. ಕುಡಿದದ್ದು, ತಿಂದದ್ದು, ಹೆಂಡತಿಗೆ ಗೊತ್ತಿಲ್ಲದ ಕಾಯಿಲೆ, ಎಲ್ಲ. ಜೀವಭಯ ಇದ್ದವನು ನರ್ಸಿಗೆ ಸುಳ್ಳು ಹೇಳುವುದಿಲ್ಲ.

ಕೂದಲಿನ ಕ್ಲಿನಿಕ್ಕಿಗೆ ಬರುವವರು ನಗುತ್ತಾ ಬರುತ್ತಿದ್ದರು. ಮದುವೆಗೆ ಬಂದವರ ಹಾಗೆ ಸೆಂಟು ಹಾಕಿಕೊಂಡು, ಕನ್ನಡಿಯಲ್ಲಿ ಹಣೆ ಸವರಿಕೊಂಡು. ನನಗೆ ಭಯ ಶುರುವಾದದ್ದೇ ಆ ನಗುವಿನಿಂದ. ಇವರು ಕಾಯಿಲೆ ವಾಸಿಮಾಡಿಕೊಳ್ಳಲು ಬಂದವರಲ್ಲ. ಯಾವ ಪ್ರಶ್ನೆಗೆ ಯಾವ ಉತ್ತರ ಕೊಟ್ಟರೆ ಕೆಲಸ ನಿಂತುಹೋಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಂಡು ಕೂರುತ್ತಿದ್ದರು. ಸಿಗರೇಟು? ಇಲ್ಲ ಸಿಸ್ಟರ್. ಬಿಪಿ? ಛೆ ಛೆ. ಹತ್ತಿರ ಹೋಗಿ ತೋಳಿಗೆ ಬಿಪಿ ಪಟ್ಟಿ ಕಟ್ಟಿದರೆ ಬಾಯಿಂದ ಹೊಗೆಯ ವಾಸನೆ, ಬಿಪಿ ಮೇಲೆ ಹೋಗಿ ಕೂತಿರುತ್ತಿತ್ತು.

ಅವರನ್ನು ತಯಾರು ಮಾಡುವುದು ನನ್ನ ಕೆಲಸ. ತಲೆಗೆ ಸೂಜಿ ಬೀಳುವ ಮುಂಚೆ ಆಗಬೇಕಾದದ್ದೆಲ್ಲ ನನ್ನ ಪಾಲಿಗೆ. ಮೊದಲ ದಿನ ಪ್ರಶ್ನೆಗಳ ಹಾಳೆ ತುಂಬುವುದು, ರಕ್ತ ಪರೀಕ್ಷೆಗೆ ಕಳಿಸುವುದು. ಒಂದು ವಾರ ಮುಂಚೆ ಫೋನ್ ಮಾಡಿ ಏನು ಬಿಡಬೇಕು, ಏನು ತಿನ್ನಬೇಕು ಎಂದು ಹೇಳುವುದು. ಆ ದಿನ ಬೆಳಿಗ್ಗೆ ತಿಂಡಿ ಆಯಿತೇ ಎಂದು ಕೇಳುವುದು. ಆಪರೇಷನ್ ಎಂದರೆ ಖಾಲಿ ಹೊಟ್ಟೆ ಎಂದುಕೊಂಡು ಬಂದು, ಕುರ್ಚಿಯಲ್ಲೇ ಬೆವೆತು ಕುಸಿದವರನ್ನು ನೋಡಿದ್ದೇನೆ. ಒಬ್ಬ ಸೋಮವಾರದ ಉಪವಾಸ ಮುರಿಯಲಾರದೆ "ಇಡ್ಲಿ ತಿಂದೆ ಸಿಸ್ಟರ್" ಎಂದು ದೇವರ ಮೇಲೆ ಭಾರ ಹಾಕಿ ಸುಳ್ಳು ಹೇಳಿದ್ದ. ಇಡ್ಲಿ ಎಲ್ಲಿ, ಯಾವ ಹೋಟೆಲ್, ಚಟ್ನಿ ಯಾವುದು ಎಂದು ಕೇಳಿ ಹಿಡಿದೆ.

ಇನ್ನೊಂದು, ಗುಂಡಿ ಅಂಗಿಯ ವಿಷಯ. ಮುಂದೆ ಗುಂಡಿ ಇರುವ ಅಂಗಿಯನ್ನೇ ಹಾಕಿಕೊಂಡು ಬನ್ನಿ ಎಂದು ಹೇಳಬೇಕು. ಒಬ್ಬ ಸಾಫ್ಟ್‌ವೇರ್ ಕಂಪನಿಯವನಿಗೆ ಹೇಳಲು ಮರೆತೆ. ಕೊಟ್ಟ ಗೌನು ಚಳಿಗೆ ಸಾಲದೆಂದು ಅವನು ಟೀ ಶರ್ಟನ್ನು ಒಳಗೆ ಹಾಗೇ ಉಳಿಸಿಕೊಂಡಿದ್ದ. ಸಾಯಂಕಾಲ ಅದನ್ನು ತಲೆಯ ಮೇಲಿಂದ ತೆಗೆದರೆ ದಿನವಿಡೀ ನೆಟ್ಟ ಕೂದಲಿನ ಬೇರುಗಳು ಕಿತ್ತು ಬರುತ್ತವೆ. ಕತ್ತರಿ ತಂದು ಕುತ್ತಿಗೆಯಿಂದ ಹೊಟ್ಟೆಯವರೆಗೆ ಕತ್ತರಿಸಿದೆ. "ಅಯ್ಯೋ ಸಿಸ್ಟರ್, ಫಸ್ಟ್ ಸ್ಯಾಲರಿಲಿ ತಗೊಂಡಿದ್ದು ಕಣ್ರೀ," ಎಂದು ಅಳುಮುಖ ಮಾಡಿದ. ಆವತ್ತು ನಕ್ಕೆವು. ಮರೆತ ಒಂದು ಮಾತಿಗೆ ಬಟ್ಟೆ ಹೋದದ್ದು ನಗುವ ಸಂಗತಿ. ಬೇರೆ ಮಾತು ಮರೆತಿದ್ದರೆ?

ನಮ್ಮ ಡಾಕ್ಟರು ಕೈ ಪಳಗಿದವರು. ನಾನು ಸೇರಿದಾಗ ತಲೆಯ ಹಿಂಭಾಗದಿಂದ ಚರ್ಮದ ಒಂದು ಪಟ್ಟಿಯನ್ನೇ ಕತ್ತರಿಸಿ ತೆಗೆದು, ಅದರಿಂದ ಬೇರು ಬಿಡಿಸಿ ಮುಂದೆ ನೆಡುತ್ತಿದ್ದರು. ದಿನಕ್ಕೆ ಒಬ್ಬನೇ ಪೇಷಂಟ್. ಶುರುವಿನಿಂದ ಕೊನೆಯ ಹೊಲಿಗೆಯವರೆಗೆ ಡಾಕ್ಟರು ಅಲ್ಲಾಡುತ್ತಿರಲಿಲ್ಲ. ಆಮೇಲೆ ಸಣ್ಣ ಯಂತ್ರ ಬಂತು, ಒಂದೊಂದೇ ಬೇರನ್ನು ಚುಚ್ಚಿ ತೆಗೆಯುವುದು. ಹೊಲಿಗೆ ಇಲ್ಲ, ಗೆರೆ ಇಲ್ಲ. ಒಳ್ಳೆಯದೇ. ಅದರ ಜೊತೆಗೆ ನವೀನ್ ಎಂಬ ಮ್ಯಾನೇಜರ್ ಕೂಡ ಬಂದ. ಹೊಲಿಗೆ ಇಲ್ಲದ ಮೇಲೆ ಇದು ಆಪರೇಷನ್ನೇ ಅಲ್ಲ, ಬೆಳಿಗ್ಗೆ ಬಂದು ಸಂಜೆ ಹೋಗುವುದು ಎಂದು ಬೋರ್ಡು ಬರೆಸಿದ. ದಿನಕ್ಕೆ ಇಬ್ಬರಾದರು, ಮೂವರಾದರು. ಡಾಕ್ಟರು ಈ ಕೋಣೆಯಿಂದ ಆ ಕೋಣೆಗೆ ಓಡುವಂತಾಯಿತು. ನನ್ನ ಪ್ರಶ್ನೆ ಹಾಳೆಗೆ ಮುಂಚೆ ಅರ್ಧ ಗಂಟೆ ಇತ್ತು. ಈಗ ಹತ್ತು ನಿಮಿಷ.

ನವೀನ್ ಇನ್ನೊಂದು ನಿಯಮ ತಂದ. "ಜೊತೇಲಿ ಬಂದಿರೋರನ್ನ ಹೊರಗೆ ಕಳಿಸ್ಬೇಡಿ ಸಿಸ್ಟರ್. ಒಬ್ರೇ ಕೂತ್ರೆ ಪೇಷಂಟ್‌ಗೆ ಡೌಟ್ ಬರುತ್ತೆ, ಎದ್ದು ಹೋಗ್ಬಿಡ್ತಾರೆ. ಫ್ರೆಂಡ್ ಪಕ್ಕದಲ್ಲಿದ್ರೆ ಧೈರ್ಯ ಇರುತ್ತೆ." ಪೀಣ್ಯದಲ್ಲಿ ಜೊತೆಯವರನ್ನು ಬಾಗಿಲಾಚೆ ತಳ್ಳಿಯೇ ನಾನು ಮಾತಾಡಿಸುತ್ತಿದ್ದೆ. ಇಲ್ಲಿ ಗೊಣಗಿದೆ, ಆಮೇಲೆ ಸುಮ್ಮನಾದೆ. ಸುಮ್ಮನಾದದ್ದು ನನ್ನ ಮೊದಲ ತಪ್ಪು.

ಎರಡನೆಯ ತಪ್ಪು ಹುಟ್ಟಿದ್ದು ಭಯದಿಂದ. ಒಬ್ಬ ದೊಡ್ಡ ಕಂಪನಿಯ ಅಧಿಕಾರಿ ಬಂದಿದ್ದ, ಐವತ್ತರ ಹತ್ತಿರ. ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ ಇಲ್ಲವೇ ಇಲ್ಲ ಅಂದಿದ್ದ. ಯಾರೋ ಸ್ನೇಹಿತ ಹೇಳಿದನೆಂದು ದಿನಾ ಒಂದು ಆಸ್ಪಿರಿನ್ ನುಂಗುತ್ತಿದ್ದನಂತೆ. ಅದು ಅವನ ಲೆಕ್ಕಕ್ಕೆ ಮಾತ್ರೆಯೇ ಅಲ್ಲ! ಡಾಕ್ಟರು ಚುಚ್ಚಿದ ಕಡೆಯೆಲ್ಲ ರಕ್ತ ಒಸರತೊಡಗಿತು. ಒರೆಸಿದಷ್ಟೂ ಬರುತ್ತಿತ್ತು. ಗಾಜ್ ಬಟ್ಟೆ ಒತ್ತಿ ಹಿಡಿದು ನನ್ನ ಎರಡೂ ಕೈ ಮರಗಟ್ಟಿದವು. ಕೊನೆಗೆ ನಿಂತಿತು, ಏನೂ ಆಗಲಿಲ್ಲ. ಆದರೆ ಆವತ್ತಿನಿಂದ ನನಗೆ ಮಾತ್ರೆ ಎಂಬ ಹೆಸರು ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ನನ್ನ ಹತ್ತಿರ ಒಂದು ಪಟ್ಟಿ ಇತ್ತು: ಯಾವ ಮಾತ್ರೆ ಬಿಡಬೇಕು, ಯಾವುದನ್ನು ಬಿಡಲೇಬಾರದು, ಯಾವುದಕ್ಕೆ ಅವರ ಡಾಕ್ಟರನ್ನು ಕೇಳಬೇಕು. ಅದನ್ನು ಓದಿ ಹೇಳುವುದನ್ನು ಬಿಟ್ಟೆ. ಓದಿದರೆ ತಾನೇ ಇವರು ಅದು ಮಾತ್ರೆಯಲ್ಲ, ಇದು ಮಾತ್ರೆಯಲ್ಲ ಎಂದು ತಪ್ಪಿಸಿಕೊಳ್ಳುವುದು? ಎಲ್ಲರಿಗೂ ಒಂದೇ ಮಾತು ಇಟ್ಟುಕೊಂಡೆ: "ಒಂದು ವಾರ ಯಾವ ಮಾತ್ರೆಯೂ ಬೇಡ." ಬಿಪಿ, ಸಕ್ಕರೆ ಇದೆ ಎಂದು ಹಾಳೆಯಲ್ಲಿ ಬರೆಸಿದವರಿಗೆ ಮಾತ್ರ ಬೇರೆ ಹೇಳುತ್ತಿದ್ದೆ. ಜಾಣತನ ಮಾಡಿದೆ ಎಂದುಕೊಂಡಿದ್ದೆ.

ಮಲ್ಲಿಕಾರ್ಜುನ ಬಂದದ್ದು ಈ ಹೊತ್ತಿನಲ್ಲಿ. ಗದಗದ ಕಡೆಯವನು, ಮೂವತ್ತೆರಡು ವರ್ಷ. ಬೊಮ್ಮಸಂದ್ರದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಚಂದಾಪುರದಲ್ಲಿ ಬಾಡಿಗೆ ಕೋಣೆ. ನೆತ್ತಿಯವರೆಗೆ ಬೋಳು. ಬೇಗೂರಿನಲ್ಲಿ ನೆಲೆಸಿದ್ದ ದಾವಣಗೆರೆ ಕಡೆಯ ಮನೆಯವರ ಹುಡುಗಿ ಸುಜಾತಾ ಜೊತೆ ನಿಶ್ಚಿತಾರ್ಥ ಆಗಿತ್ತು. ಮದುವೆಗೆ ಇನ್ನೂ ಹತ್ತು ತಿಂಗಳಿತ್ತು. ಅಳಿಯನ ತಲೆ ನೋಡಿ ಹುಡುಗಿಯ ತಾಯಿ ಮುಖ ಚಿಕ್ಕದು ಮಾಡಿದ್ದರಂತೆ. ಅದಕ್ಕೆ ಹುಡುಗಿಯ ಅಣ್ಣ ಶಿವಾನಂದ ತಾನೇ ಕ್ಲಿನಿಕ್ ಹುಡುಕಿ, ತಾನೇ ಕರೆದುಕೊಂಡು ಬಂದಿದ್ದ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ, ಮಾತು ಜಾಸ್ತಿಯ ಹುಡುಗ.

ನಾನು ಹಾಳೆ ತೆಗೆದೆ. ಬಿಪಿ? "ಇಲ್ರೀ." ಸಕ್ಕರೆ? "ಇಲ್ರೀ." ಆಸ್ತಮಾ? "ಇಲ್ರೀ." ಫಿಟ್ಸ್, ಮೂರ್ಛೆ ಏನಾದರೂ?

ಮಲ್ಲಿಕಾರ್ಜುನ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. ಎಸಿ ಓಡುತ್ತಿತ್ತು. ಒಂದು ಕ್ಷಣ ಶಿವಾನಂದನ ಕಡೆ ನೋಡಿದ. ಶಿವಾನಂದ ಜೋರಾಗಿ ನಕ್ಕುಬಿಟ್ಟ. "ಏನ್ ಸಿಸ್ಟರ್ ನೀವು! ನಮ್ ಭಾವ ಕಬ್ಬಿಣ ಇದ್ದಂಗೆ ಇದಾರೆ. ಏನೂ ಇಲ್ಲ, ಬರ್ಕೊಳ್ಳಿ."

"ಇಲ್ರೀ," ಅಂದ ಮಲ್ಲಿಕಾರ್ಜುನ.

ನಾನು 'ಇಲ್ಲ' ಎಂದು ಬರೆದು ಸಹಿ ಹಾಕಿಸಿಕೊಂಡೆ. ಅವನು ತಡವರಿಸಿದ್ದನ್ನು ನಾನು ನೋಡಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ನೋಡಿದ್ದೆ. ಹೊರಗೆ ಇನ್ನೂ ಇಬ್ಬರು ಕಾಯುತ್ತಿದ್ದರು.

ಒಂದು ವಾರ ಮುಂಚೆ ಫೋನ್ ಮಾಡಿದೆ. ತಲೆಗೆ ಎಣ್ಣೆ ಬೇಡ, ಗುಟ್ಕಾ ಬೇಡ, ನಾಳೆಯಿಂದ ಯಾವ ಮಾತ್ರೆಯೂ ಬೇಡ.

"ಯಾವ ಗುಳಿಗಿನೂ ಬ್ಯಾಡೇನ್ರಿ?"

"ಯಾವುದೂ ಬೇಡಪ್ಪ."

"ದಿನಾ ತಗೊಳ್ಳೂದಿದ್ರ... ಅದೂ ಬಿಡೂದೇನ್ರಿ? ವಾರ ಪೂರ್ತಿ?"

"ಎಷ್ಟು ಸಲ ಹೇಳೋದು? ಒಂದೇ ಒಂದು ಬೇಡ. ಆಮೇಲೆ ರಕ್ತ ಸೋರಿದ್ರೆ ನನ್ನ ಕೇಳ್ಬೇಡಿ!"

"ಆತ್ರಿ," ಎಂದು ಇಟ್ಟ. ಮಾತ್ರೆಯನ್ನೇ ನುಂಗದವನು ಯಾಕೆ ಮೂರು ಸಲ ಕೇಳುತ್ತಾನೆ? ಈ ಪ್ರಶ್ನೆ ನನಗೆ ಹೊಳೆದದ್ದು ಬಹಳ ತಡವಾಗಿ.

ಆ ದಿನ ಬೆಳಿಗ್ಗೆ ಅವನು ಹೇಳಿದ್ದನ್ನೆಲ್ಲ ಪಾಲಿಸಿಕೊಂಡು ಬಂದಿದ್ದ. ಗುಂಡಿ ಅಂಗಿ, ತಲೆಸ್ನಾನ, ಹೊಟ್ಟೆ ತುಂಬ ಉಪ್ಪಿಟ್ಟು. ಇಷ್ಟು ಶ್ರದ್ಧೆಯಿಂದ ತಯಾರಾಗಿ ಬಂದ ಪೇಷಂಟನ್ನು ನಾನು ನೋಡಿರಲಿಲ್ಲ. "ನಿದ್ದಿ ಅಷ್ಟ ಆಗಿಲ್ರಿ, ಎದಿ ಡವ ಡವ ಅನ್ನಾಕತ್ತೇತಿ," ಅಂದ. ಎಲ್ಲರೂ ಹಾಗೇ ಹೇಳುತ್ತಾರೆ. ಬಿಪಿ ಸರಿಯಿತ್ತು. ಡಾಕ್ಟರು ಹಣೆಯ ಮೇಲೆ ಗೆರೆ ಎಳೆದು ಕನ್ನಡಿ ಹಿಡಿದಾಗ ಆ ಗೆರೆಯನ್ನು ನೋಡಿ ಚಿಕ್ಕವರ ಹಾಗೆ ನಕ್ಕ. ನಾನು ಮೆಷೀನಿನಲ್ಲಿ ತಲೆ ಬೋಳಿಸಿದೆ. ತೋಳಿಗೆ ಮರಗಟ್ಟಿಸುವ ಮದ್ದನ್ನು ಚೂರೇ ಚೂರು ಕೊಟ್ಟು ನೋಡಿದೆವು, ಏನೂ ಆಗಲಿಲ್ಲ. ತಲೆಗೆ ಅದೇ ಮದ್ದಿನ ಸೂಜಿ ಹಾಕುವುದು ಮುಗಿಯಿತು. ಡಾಕ್ಟರು ಪಕ್ಕದ ಕೋಣೆಗೆ ಹೋದರು.

ನಾನು ತಟ್ಟೆಯಲ್ಲಿ ಸಾಮಾನು ಜೋಡಿಸುತ್ತಿದ್ದೆ. ಹಿಂದಿನಿಂದ ಒಂದು ಶಬ್ದ ಬಂತು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ತಿರುಗಿದರೆ ಅವನ ಕಣ್ಣುಗುಡ್ಡೆ ಮೇಲೆ ಹೋಗಿತ್ತು. ಮೈ ಸೆಟೆದು ಕುರ್ಚಿಯೇ ಅಲ್ಲಾಡತೊಡಗಿತು.

"ಡಾಕ್ಟ್ರೇ!" ಎಂದು ಕಿರುಚಿದೆ. ಅದು ನನ್ನ ದನಿ ಎಂದು ನನಗೇ ಗೊತ್ತಾಗಲಿಲ್ಲ. ಅವನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಯ ನೊರೆ ಹೊರಗೆ ಹೋಗುವಂತೆ ತಲೆ ಹಿಡಿದೆ. ಡಾಕ್ಟರು ಓಡಿ ಬಂದವರು ಮೊದಲು ನೋಡಿದ್ದು ಖಾಲಿ ಸಿರಿಂಜನ್ನು. "ಮದ್ದು ಜಾಸ್ತಿ ಆಯ್ತಾ? ಎಷ್ಟು ಹೋಗಿದೆ?" ಆಕ್ಸಿಜನ್ ಹಾಕಿದೆವು, ನರಕ್ಕೆ ಇಂಜೆಕ್ಷನ್ ಕೊಟ್ಟರು. ತುಟಿ ನೀಲಿಯಾಗುತ್ತಿತ್ತು. ಇವನು ಹೋಗಿಬಿಟ್ಟ, ನಮ್ಮ ಕೈಯಲ್ಲೇ ಹೋಗಿಬಿಟ್ಟ ಎಂದುಕೊಂಡೆ. ಶಿವ ಶಿವ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಆಮೇಲೆ ನಿಧಾನವಾಗಿ ಕೈಕಾಲು ಸಡಿಲಗೊಂಡವು. ಒಂದು ದೊಡ್ಡ ಉಸಿರು ಎಳೆದುಕೊಂಡ.

ಆಂಬ್ಯುಲೆನ್ಸಿನಲ್ಲಿ ನಾನು ಹೋದೆ. ಎದುರಿಗೆ ಶಿವಾನಂದ ಕೂತಿದ್ದ. ಹೊಸೂರು ರಸ್ತೆಯಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡು ನಿಂತಿದ್ದಾಗ ಮಲ್ಲಿಕಾರ್ಜುನ ಕಣ್ಣು ಬಿಟ್ಟ. ಯಾರೆಂದು ಗುರುತು ಸಿಗದವನ ಹಾಗೆ ನನ್ನನ್ನು ನೋಡಿದ. ಆಮೇಲೆ ತೊದಲುತ್ತಾ, "ಗುಳಿಗಿ... ನೀವ ಬ್ಯಾಡಂದ್ರಲ್ರೀ," ಅಂದ.

ಫೋನಿನಲ್ಲಿ ನಾನು ಹೇಳಿದ್ದು ನೆನಪಾಯಿತು.

"ಯಾವ ಗುಳಿಗೆ? ಭಾವ, ಯಾವ ಗುಳಿಗೆ?" ಶಿವಾನಂದ ಬಗ್ಗಿ ಕೇಳಿದ. ಮಲ್ಲಿಕಾರ್ಜುನ ಮತ್ತೆ ಕಣ್ಣು ಮುಚ್ಚಿದ್ದ.

ಆಸ್ಪತ್ರೆಯಲ್ಲಿ ಒಬ್ಬ ಕಿರಿಯ ಡಾಕ್ಟರ್ ಎಲ್ಲ ಬರೆದುಕೊಳ್ಳುತ್ತಿದ್ದ. ನಾನು ಹೇಳಲೇಬೇಕಿತ್ತು, ಹೇಳಿದೆ: ಇವರು ಫಿಟ್ಸಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಬೇಕು, ಒಂದು ವಾರದಿಂದ ನಿಂತಿದೆ. "ಯಾರು ನಿಲ್ಸಿದ್ದು?" ಎಂದು ಆತ ತಲೆ ಎತ್ತದೆ ಕೇಳಿದ. ಪಕ್ಕದಲ್ಲೇ ಶಿವಾನಂದ ನಿಂತಿದ್ದ.

"ಅವರೇ ನಿಲ್ಸಿಬಿಟ್ಟಿದ್ದಾರೆ ಡಾಕ್ಟ್ರೇ. ನಮಗೆ ಹೇಳೇ ಇಲ್ಲ," ಅಂದೆ.

ಎರಡನೆಯ ವಾಕ್ಯ ನಿಜವಾಗಿತ್ತು. ಅದರ ಬೆನ್ನ ಹಿಂದೆ ಮೊದಲನೆಯದನ್ನು ಅಡಗಿಸಿದೆ. ಶಿವಾನಂದ ನನ್ನನ್ನೊಮ್ಮೆ, ಮಂಚದ ಮೇಲಿದ್ದವನನ್ನೊಮ್ಮೆ ನೋಡಿ, ಮನೆಗೆ ಫೋನ್ ಮಾಡಲು ಹೊರಗೆ ಹೋದ.

ಕ್ಲಿನಿಕ್ಕಿಗೆ ಹಿಂತಿರುಗಿದಾಗ ನವೀನ್ ಪ್ರಶ್ನೆ ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿಟ್ಟಿದ್ದ. "ಸೈನ್ ಇದೆ ಸಿಸ್ಟರ್. ಫಿಟ್ಸ್ ಇಲ್ಲ ಅಂತ ಅವನೇ ಸೈನ್ ಹಾಕಿದಾನೆ. ನೀವು ಬಚಾವ್, ನಾವೂ ಬಚಾವ್. ಇನ್ನು ಯಾರ ಹತ್ರನೂ ಮಾತಾಡ್ಬೇಡಿ." ಡಾಕ್ಟರು ಮಾತ್ರ ಮೂಲೆಯಲ್ಲಿ ಕೂತಿದ್ದವರು ಕೇಳಿದರು: "ಫೋನಲ್ಲಿ ನೀವು ಏನ್ ಹೇಳಿದ್ರಿ ಗಿರಿಜಮ್ಮ?" ಪಟ್ಟಿಯ ಪ್ರಕಾರವೇ ಹೇಳಿದೆ ಅಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು, ಮತ್ತೆ ಏನೂ ಕೇಳಲಿಲ್ಲ.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಬೆನ್ನಲ್ಲಿ ಬೆವರು. ಫೋನ್ ಸದ್ದಾದರೆ ಪೊಲೀಸರು ಎಂದುಕೊಳ್ಳುತ್ತಿದ್ದೆ. ನನ್ನ ನರ್ಸಿಂಗ್ ಪರವಾನಗಿ ಹೋಗುತ್ತದೆ, ಇಷ್ಟು ವರ್ಷದ ಹೆಸರು ಮಣ್ಣುಪಾಲಾಗುತ್ತದೆ ಎಂದು ಹೆದರಿಕೆ. ಪೇಷಂಟುಗಳಿಗೆ ಫೋನ್ ಮಾಡಲು ಕೂತರೆ ಬೆರಳು ನಂಬರ್ ಒತ್ತುತ್ತಿರಲಿಲ್ಲ. ಇಷ್ಟಾದರೂ ಒಂದು ಸಲವೂ ಆಸ್ಪತ್ರೆಗೆ ಹೋಗಿ ಆ ಹುಡುಗ ಹೇಗಿದ್ದಾನೆ ಎಂದು ನೋಡುವ ಧೈರ್ಯ ಮಾಡಲಿಲ್ಲ. ನಾಚಿಕೆಯಾಗುತ್ತದೆ ಹೇಳಲು, ಆದರೆ ನಡೆದದ್ದು ಹಾಗೆ.

ಮೂರನೆಯ ವಾರ ಅವನೇ ಕ್ಲಿನಿಕ್ಕಿಗೆ ಬಂದ. ತಲೆಗೆ ಟೋಪಿ, ಮುಖ ಇಳಿದುಹೋಗಿತ್ತು. ಬಂದವನು ಎರಡೂ ಕೈ ಜೋಡಿಸಿಬಿಟ್ಟ.

"ತಪ್ಪಾತ್ರಿ ಸಿಸ್ಟರ್. ನೀವು ಕೇಳಿದ್ರಿ, ನಾ ಸುಳ್ಳ ಹೇಳಿದೆ. ನನ್ನಿಂದ ನಿಮಗ ತ್ರಾಸ ಆತು. ಅದನ್ನ ಹೇಳಿ ಹೋಗೋಣಂತ ಬಂದೆ."

"ಈಗ ಹೇಗಿದ್ದೀಯಪ್ಪ?" ಅಂದೆ.

"ಅರಾಮ ಅದೀನ್ರಿ. ಗುಳಿಗಿ ಮತ್ತ ಚಾಲೂ ಮಾಡ್ಯಾರ. ಆರು ವರ್ಷ ಆಗಿತ್ರಿ, ಒಮ್ಮಿನೂ ಬಂದಿದ್ದಿಲ್ಲ. ಗುಳಿಗಿ ತಪ್ಪಿಸಿದ್ದಿಲ್ಲ ನಾನು." ಟೋಪಿ ಸರಿಮಾಡಿಕೊಂಡು, "ಅವರು ಲಗ್ನ ಬ್ಯಾಡ ಅಂದ್ರು. ರೋಗದಾಂವ, ಮ್ಯಾಲ ತನ್ನಷ್ಟಕ್ಕ ತಾನ ಗುಳಿಗಿ ಬಿಡೂ ಬೇಜವಾಬ್ದಾರಿ ಮನಶ್ಯಾ, ನಾಳೆ ನಮ್ಮ ಹುಡುಗಿ ಗತಿ ಏನು ಅಂತ ಕೇಳಿದ್ರು. ನಾ ಏನ್ ಹೇಳ್ಲಿ? ಸುಜಾತಾ ಒಮ್ಮಿ ಫೋನ್ ಮಾಡಿದ್ರು, ಅತ್ತರು. ಅಷ್ಟರೊಳಗ ಯಾರೋ ಫೋನ್ ಕಸಗೊಂಡ್ರು."

"ನಾನು ಬಿಡು ಅಂದೆ ಅಂತ ನೀನು ಹೇಳ್ಲಿಲ್ವ?"

"ನೀವು ದವಾಖಾನಿಯೊಳಗ ಬ್ಯಾರೆ ಹೇಳೀರಂತಲ್ರಿ. ನಾ ಮೊದಲ ಸುಳ್ಳ ಹೇಳಿದಾಂವ. ನನ್ನ ಮಾತು ಯಾರು ನಂಬ್ತಾರ?"

ಅವನ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ಸಿಟ್ಟಿರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. "ಮಾತ್ರೆ ಬಿಡು ಅಂದವಳೂ ನಾನೇ ಕಣಪ್ಪ, ಅಲ್ಲಿ ಸುಳ್ಳು ಹೇಳಿದವಳೂ ನಾನೇ. ನೀನು ಬೇಕಾದರೆ ಎಲ್ಲಿ ಬೇಕಾದರೂ ಕಂಪ್ಲೇಂಟ್ ಕೊಡು," ಅಂದೆ. ಕಣ್ಣಲ್ಲಿ ನೀರು ಬಂತು.

ಅವನು ತಲೆ ಅಲ್ಲಾಡಿಸಿದ. "ಕಂಪ್ಲೇಂಟ್ ತಗೊಂಡು ಏನ್ ಮಾಡ್ಲಿ? ಬೇಗೂರಿಗೆ ಬಂದು ಇದನ್ನ ಅವರ ಮುಂದ ಹೇಳ್ತೀರೇನ್ರಿ? ಅಷ್ಟ ಸಾಕು."

ಹೂಂ ಎಂದೆ. ಅವನು ಹೋದ ಕೂಡಲೇ ಯಾಕೆ ಅಂದೆನಪ್ಪ ಎಂದುಕೊಂಡೆ.

ಶನಿವಾರ ಡಾಕ್ಟರಿಗೆ ನಿಜ ಹೇಳಿದೆ. ಕೆಲಸದಿಂದ ತೆಗೆಯುತ್ತಾರೆ ಎಂದು ತಯಾರಾಗಿಯೇ ಹೋಗಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆವತ್ತೇ ಗೊತ್ತಿತ್ತು ನನಗೆ. ಕೇಳಿದರೆ ನೀವು ಹೇಳಿಬಿಡ್ತೀರಿ ಅನ್ನೋ ಹೆದರಿಕೆಗೆ ನಾನು ಮತ್ತೆ ಕೇಳ್ಲಿಲ್ಲ," ಅಂದರು. ಸೋಮವಾರದಿಂದ ನಿಯಮ ಬದಲಾಯಿತು. ಜೊತೆಯವರು ಹೊರಗೆ, ಬಾಗಿಲು ಮುಚ್ಚಿದ ಮೇಲೆಯೇ ಪ್ರಶ್ನೆ. ನುಂಗುವ ಮಾತ್ರೆಯನ್ನೆಲ್ಲ ಚೀಟಿ ಸಮೇತ ತಂದು ಮೇಜಿನ ಮೇಲಿಡಬೇಕು, ಯಾವುದನ್ನು ಬಿಡಬೇಕೆಂದು ಡಾಕ್ಟರೇ ಬರೆದುಕೊಡಬೇಕು. ನವೀನ್ ಕುಣಿದಾಡಿದ, ಕೇಸು ಕಮ್ಮಿಯಾಗುತ್ತವೆ ಅಂದ. ಆದವು. ಹುಡುಗಿಯರೇ, ನೀವು ಸೇರುವ ಕಡೆ ಈ ನಿಯಮ ಇಲ್ಲದಿದ್ದರೆ ನೀವೇ ಮಾಡಿಕೊಳ್ಳಿ. ಪೇಷಂಟ್ ಮೂರು ಸಲ ಒಂದೇ ಪ್ರಶ್ನೆ ಕೇಳಿದರೆ ಕೋಪ ಮಾಡಿಕೊಳ್ಳಬೇಡಿ, ಫೋನ್ ಇಡಬೇಡಿ.

ಡಾಕ್ಟರಿಗೆ ಹೇಳಿದ ಮರುದಿನ, ಭಾನುವಾರವೇ, ಬೇಗೂರಿಗೆ ಹೋಗಿದ್ದೆ. ಹಳೆಯ ದೇವಸ್ಥಾನದ ಹಿಂದಿನ ಓಣಿಯಲ್ಲಿ ಮೊದಲನೆ ಮಹಡಿಯ ಮನೆ. ಮಲ್ಲಿಕಾರ್ಜುನ ಕೆಳಗೆ ಕಾಯುತ್ತಿದ್ದ. ಮೆಟ್ಟಿಲು ಹತ್ತುವಾಗ ಎರಡು ಸಲ ವಾಪಸ್ ಹೋಗಿಬಿಡೋಣ ಅನ್ನಿಸಿತು. ಒಳಗೆ ಸುಜಾತಳ ತಂದೆ, ತಾಯಿ, ಶಿವಾನಂದ. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ. ಯಾರೂ ಅವನನ್ನು ಕೂತುಕೋ ಅನ್ನಲಿಲ್ಲ.

ನಾನು ಹೇಳಿದೆ. ಹಾಳೆ, ಫೋನು, ಆಸ್ಪತ್ರೆಯ ಸುಳ್ಳು, ಒಂದೂ ಬಿಡದೆ. "ಅವನಾಗಿ ಬಿಟ್ಟದ್ದಲ್ಲ. ಬಿಡಿಸಿದ್ದು ನಾನು. ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ, ಅದೇ ಅವನಿಗೆ ಮುಳುವಾಯಿತು," ಅಂದೆ.

ಸುಜಾತಳ ತಂದೆ ಸಮಾಧಾನದ ದನಿಯಲ್ಲೇ ಕೇಳಿದರು. "ಕಾಯಿಲೆ ಇರೋದು ನಿಜ ತಾನೆ?"

"ನಿಜ ಸಾರ್."

"ನಮ್ಮತ್ರ ಮುಚ್ಚಿಟ್ಟಿದ್ದೂ ನಿಜ?"

"ನಿಜ."

"ಮತ್ತಿನ್ನೇನಮ್ಮ?"

ಮಲ್ಲಿಕಾರ್ಜುನ ಗೋಡೆಗೆ ಒರಗಿ ನಿಂತವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಆಗ ಶಿವಾನಂದ, "ಅಪ್ಪ, ಸಿಸ್ಟರ್ ಕೇಳ್ದಾಗ ನಾನೇ ಪಕ್ಕದಲ್ಲಿದ್ದೆ. ಏನೂ ಇಲ್ಲ ಬರ್ಕೊಳ್ಳಿ ಅಂದಿದ್ದು ನಾನೇ," ಎಂದು ಮೆಲ್ಲಗೆ ಅಂದ.

ಸುಜಾತಾ ಬಾಗಿಲು ಬಿಟ್ಟು ಮುಂದೆ ಬಂದಳು. ತೆಳ್ಳಗಿನ ಹುಡುಗಿ, ಅತ್ತು ಅತ್ತು ಕಣ್ಣು ಊದಿತ್ತು. "ಸಿಸ್ಟರ್, ಇವರನ್ನ ಒಬ್ರೇ ಇದ್ದಾಗ ಒಂದ್ಸಲನಾದ್ರೂ ಕೇಳಿದ್ರಾ?"

"ಇಲ್ಲಮ್ಮ."

"ನಾವೂ ಕೇಳ್ಲಿಲ್ಲ. ನೋಡೋ ಶಾಸ್ತ್ರದ ದಿನ ಇದೇ ರೂಮಲ್ಲಿ ಹದಿನಾಲ್ಕು ಜನ ಕೂತಿದ್ರು. ಎಲ್ರ ಮುಂದೆ ಏನಾದ್ರೂ ತೊಂದ್ರೆ ಇದೆಯಾ ಅಂತ ಚಿಕ್ಕಪ್ಪ ಕೇಳಿದ್ರು. ಯಾರ್ ಹೇಳ್ತಾರೆ?" ತಂದೆಯ ಕಡೆ ತಿರುಗಿದಳು. "ಅಪ್ಪಾಜಿ, ಎಲ್ರೂ ಸ್ವಲ್ಪ ಹೊರಗಿರಿ. ನಾನು ಕೇಳ್ಬೇಕು."

"ಏನೇ ಇದು ಹೊಸ ರೂಢಿ?" ಎಂದರು ತಾಯಿ.

"ಅಮ್ಮ, ಹೋಗಿ."

ಹೋದೆವು. ಮೆಟ್ಟಿಲಿನ ಮೇಲೆ ನಾಲ್ಕು ಜನ. ಬಾಗಿಲು ಮುಚ್ಚಿತು. ಶಿವಾನಂದ ಮೇಲೆ ಕೆಳಗೆ ಓಡಾಡಿದ. ತಾಯಿ ಸೆರಗಿನ ತುದಿ ಹಿಡಿದುಕೊಂಡು ನನ್ನ ಮುಖ ನೋಡದೆ ಕೂತರು. ಒಳಗೆ ಮೊದಲು ಅವನ ದನಿ ಕೇಳಿಸಿತು, ತಗ್ಗಿದ ದನಿ. ಆಮೇಲೆ ಹುಡುಗಿಯ ದನಿ ಏರಿತು, "ಮತ್ತೆ ನನಗ್ಯಾಕೆ ಹೇಳ್ಲಿಲ್ಲ?" ಎಂದು ಅಳು. ಆಮೇಲೆ ಏನೂ ಇಲ್ಲ.

ಬಹಳ ಹೊತ್ತಾಯಿತು. ಒಂದು ಸದ್ದೂ ಇಲ್ಲ. ನಿದ್ದೆ ಕೆಟ್ಟಿದ್ದಾನೆ, ಮನಸ್ಸು ಕೆಟ್ಟಿದೆ, ಫಿಟ್ಸ್ ಮತ್ತೆ ಬಂದುಬಿಟ್ಟಿತಾ? ಹುಡುಗಿಗೆ ಏನು ಮಾಡಬೇಕೆಂದು ಗೊತ್ತಿಲ್ಲ. ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನೂ ತುರುಕಬಾರದು, ಕಬ್ಬಿಣ ಕೈಗೆ ಕೊಡುವುದಲ್ಲ. ನಾನು ಎದ್ದು ಬಾಗಿಲಿಗೆ ಕೈ ಹಾಕಿದೆ. ಶಿವಾನಂದನೂ ಅದನ್ನೇ ನೆನೆದವನಂತೆ ಓಡಿ ಬಂದ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಸುಜಾತಾ ಮುಖ ತೊಳೆದುಕೊಂಡಿದ್ದಳು. ಹಿಂದೆ ಮಲ್ಲಿಕಾರ್ಜುನ ಕುರ್ಚಿಯ ಮೇಲೆ ಕೂತಿದ್ದ, ಕೂತುಕೊಂಡಿದ್ದ ಅಷ್ಟೆ, ಉಸಿರಾಡುತ್ತಿದ್ದ.

"ಅಮ್ಮ," ಅಂದಳು, "ಇವರು ಊಟ ಮಾಡಿ ಮಾತ್ರೆ ತಗೋಬೇಕಂತೆ. ಟೈಮ್ ಮೀರ್ತಿದೆ. ತಟ್ಟೆ ಹಾಕ್ಲಾ?"

ತಾಯಿ ಗಂಡನ ಮುಖ ನೋಡಿದರು. ಅವರು ಮೆಟ್ಟಿಲಿನ ಕೆಳಗೆ ಎಲ್ಲೋ ನೋಡುತ್ತಿದ್ದರು. ಮೇಲಿನ ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದದ್ದು ಕೇಳಿಸುತ್ತಿತ್ತು. ನನ್ನ ಕೈ ಬಾಗಿಲ ಚೌಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ.

"ಹಾಕು," ಅಂದರು ಸುಜಾತಳ ತಂದೆ. "ಮಾತ್ರೆ ತಪ್ಪಬಾರದು."